ಹಳೆ ಕಾರಿಗೆ ಕಿಲೋಮೀಟರ್ ಲೆಕ್ಕ ಸಾಲದು

ಕಾರಿನ ಜೊತೆ ಕೊಡುವ ಸರ್ವಿಸ್ ಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತದೆ. 10 ಸಾವಿರ ಕಿ.ಮೀ.ಗೆ ಆಯಿಲ್, 20 ಸಾವಿರಕ್ಕೆ ಬ್ರೇಕ್ ತಪಾಸಣೆ, 40 ಸಾವಿರಕ್ಕೆ ಏರ್ ಫಿಲ್ಟರ್, ಹೀಗೆ. ಜೊತೆಗೆ ಸಣ್ಣ ಅಕ್ಷರದಲ್ಲಿ ‘ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದಿರುತ್ತದೆ. ಹೊಸ ಕಾರಿನಲ್ಲಿ ಓಡಾಟ ಜಾಸ್ತಿ, ಕಿಲೋಮೀಟರೇ ಮೊದಲು ತುಂಬುತ್ತದೆ. ಆ ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ. ಹತ್ತು-ಹನ್ನೆರಡು ವರ್ಷ ದಾಟಿದ ಕಾರಿನದು ತಿರುಗುಮುರುಗು. ಮನೆಗೆ ಇನ್ನೊಂದು ಗಾಡಿ ಬಂದಿರುತ್ತದೆ. ಹಳೆಯದು ತರಕಾರಿ ತರಲಿಕ್ಕೆ, ಮಕ್ಕಳನ್ನು ಟ್ಯೂಷನ್‌ಗೆ ಬಿಡಲಿಕ್ಕೆ, ವರ್ಷಕ್ಕೆರಡು ಸಲ ಊರಿಗೆ ಹೋಗಲಿಕ್ಕೆ ಅಂತ ಉಳಿದಿರುತ್ತದೆ. ‘ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡಲ್ಲ, ಅದಕ್ಯಾಕೆ ಸರ್ವಿಸ್ಸು’ ಎಂಬ ಮಾತು ಹುಟ್ಟುವುದು ಆಗ. ಗಾಡಿ ಕೆಡಲು ಶುರುವಾಗುವುದೂ ಆಗಲೇ.

ಎಂಜಿನ್ನಿನ ಕಬ್ಬಿಣ, ಅಲ್ಯೂಮಿನಿಯಂ ಹನ್ನೆರಡು ವರ್ಷಕ್ಕೆ ಮುದಿಯಾಗುವುದಿಲ್ಲ. ನೆಟ್ಟಗೆ ನೋಡಿಕೊಂಡ ಸಾಧಾರಣ ಪೆಟ್ರೋಲ್ ಎಂಜಿನ್ 2 ಲಕ್ಷ ಕಿ.ಮೀ. ದಾಟುವುದು ವಿಶೇಷವೇನಲ್ಲ. ಮುದಿಯಾಗುವುದು ಅದರ ಸುತ್ತಲಿನ ರಬ್ಬರು, ಪ್ಲಾಸ್ಟಿಕ್ಕು ಮತ್ತು ಒಳಗೆ ಹರಿಯುವ ದ್ರವಗಳು. ಹೋಸು, ಸೀಲು, ಬುಷ್ಷು, ಬೆಲ್ಟು, ಟಯರು ಒಂದು ಕಡೆ. ಕೂಲೆಂಟ್, ಆಯಿಲ್, ಬ್ರೇಕ್ ಫ್ಲುಯಿಡ್ ಇನ್ನೊಂದು ಕಡೆ. ಇವು ಗಾಡಿ ನಿಂತಿದ್ದರೂ ಕೆಡುತ್ತವೆ. ಕೆಲವಂತೂ ನಿಂತಿದ್ದಾಗಲೇ ಬೇಗ ಕೆಡುತ್ತವೆ. ಆದ್ದರಿಂದ ಹಳೆ ಕಾರಿನ ಲೆಕ್ಕವನ್ನು ಮೀಟರ್ ನೋಡಿ ಹಾಕದೆ ಕ್ಯಾಲೆಂಡರ್ ನೋಡಿ ಹಾಕಬೇಕು. ಇಲ್ಲಿ ಹೇಳುವುದೆಲ್ಲ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಪೆಟ್ರೋಲ್ ಕಾರುಗಳನ್ನು, ಅಂದರೆ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10, ಸ್ವಿಫ್ಟ್ ತರಹದವನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ನೀರಿನ ವಿಷಯ

ಹಳೆ ಎಂಜಿನ್ ಸಾಯುವ ದಾರಿಗಳಲ್ಲಿ ಬಿಸಿಯೇರಿ ಸಾಯುವುದು ಬಹಳ ಸಾಮಾನ್ಯ, ತಪ್ಪಿಸಲು ಬಹಳ ಸುಲಭವೂ ಹೌದು. ರೇಡಿಯೇಟರಿಗೆ ಕೊಳವೆಬಾವಿಯ ನೀರು ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ನೀರು ಎಷ್ಟು ಗಡಸು ಅನ್ನುವುದು ಮನೆಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಕಾಯಿಲಿನ ಮೇಲೆ ಕೂರುವ ಅದೇ ಬಿಳಿ ಸುಣ್ಣ ರೇಡಿಯೇಟರಿನ ಒಂದೆರಡು ಮಿ.ಮೀ. ಅಗಲದ ಕೊಳವೆಗಳಲ್ಲೂ ಕೂರುತ್ತದೆ. ಸುಣ್ಣದ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಮೇಲಾಗಿ ಬರಿ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇಲ್ಲ. ವಾಟರ್ ಪಂಪಿನ ರೆಕ್ಕೆ, ಬ್ಲಾಕಿನ ಒಳಗೋಡೆ ತುಕ್ಕು ಹಿಡಿದು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ಕೂಲೆಂಟ್ ಅಂದರೆ ಎಥಿಲೀನ್ ಗ್ಲೈಕಾಲ್, ನೀರು ಮತ್ತು ತುಕ್ಕು ತಡೆಯುವ ಲವಣಗಳ ಮಿಶ್ರಣ. ನಮ್ಮ ಹವೆಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಹಾಗಾಗಿ ಇದು ಬೇಡ ಎಂದು ವಾದಿಸುವವರಿದ್ದಾರೆ. ನಮಗೆ ಬೇಕಿರುವುದು ಅದರ ಉಳಿದೆರಡು ಗುಣ. ಒಂದು, ತುಕ್ಕು ತಡೆಯುವುದು. ಎರಡು, ಕುದಿಬಿಂದು ಏರಿಸುವುದು. ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟುಕೊಂಡರೆ 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಆ ಒತ್ತಡ ಹಿಡಿಯುವುದು ಮುಚ್ಚಳದೊಳಗಿನ ಒಂದು ಸ್ಪ್ರಿಂಗು, ಒಂದು ರಬ್ಬರ್ ಬಿಲ್ಲೆ. ರಬ್ಬರ್ ಗಟ್ಟಿಯಾಗಿ ಅದರ ಮೇಲೆ ಉಂಗುರದ ಗುರುತು ಕೊರೆದಿದ್ದರೆ ಮುಚ್ಚಳ ಬದಲಿಸಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಅದೇ, ಯಾರೂ ಮುಟ್ಟದ ಭಾಗವೂ ಅದೇ.

ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸಬೇಕು. ದೀರ್ಘಾವಧಿ ಕೂಲೆಂಟ್ ಆದರೆ ಡಬ್ಬಿಯ ಮೇಲೆ ಬರೆದಷ್ಟು. ಬದಲಿಸುವಾಗ ಆಗುವ ಒಂದು ಎಡವಟ್ಟನ್ನು ಬಿಡಿಸಿ ಹೇಳಬೇಕು. ರೇಡಿಯೇಟರಿನ ಕೆಳಗಿನ ಡ್ರೇನ್ ಬಿಚ್ಚಿದರೆ ಎಲ್ಲ ನೀರೂ ಇಳಿಯುವುದಿಲ್ಲ, ಎಂಜಿನ್ ಬ್ಲಾಕಿನಲ್ಲಿ ಮತ್ತು ಹೀಟರ್ ಕೋರ್‌ನಲ್ಲಿ ಒಂದಷ್ಟು ಉಳಿದೇ ಇರುತ್ತದೆ. ಸ್ವಚ್ಛ ನೀರು ಹಾಕಿ ಎರಡು ಮೂರು ಸಲ ತೊಳೆದ ಮೇಲೆ ಬ್ಲಾಕಿನಲ್ಲಿ ಉಳಿಯುವುದು ಬರಿ ನೀರು. ಅದರ ಮೇಲೆ ‘ರೆಡಿ ಮಿಕ್ಸ್’ ಕೂಲೆಂಟ್ ಸುರಿದರೆ ಅದು ಇನ್ನಷ್ಟು ತೆಳುವಾಗಿ ಮೂರರಲ್ಲಿ ಒಂದು ಪಾಲು ಗ್ಲೈಕಾಲ್ ಉಳಿದರೆ ಪುಣ್ಯ. ಸರಿಯಾದ ಕ್ರಮ ಹೀಗೆ: ತೊಳೆಯುವುದಾದರೆ ಗಟ್ಟಿ ಕೂಲೆಂಟ್, ಅಂದರೆ ಕಾನ್ಸನ್‌ಟ್ರೇಟ್ ತನ್ನಿ. ಒಟ್ಟು ಹಿಡಿಯುವುದು 4 ಲೀಟರ್ ಎಂದಾದರೆ (ಸಣ್ಣ ಕಾರುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ, ನಿಖರ ಅಳತೆ ಪುಸ್ತಕದಲ್ಲಿರುತ್ತದೆ) ಮೊದಲು 2 ಲೀಟರ್ ಗಟ್ಟಿ ಕೂಲೆಂಟ್ ಹಾಕಿ, ಉಳಿದ ಜಾಗವನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿ. ಒಳಗೆ ಉಳಿದ ನೀರೂ ಸೇರಿ ಲೆಕ್ಕ ಅರ್ಧಕ್ಕರ್ಧಕ್ಕೆ ಬರುತ್ತದೆ.

ತುಂಬಿದ ಮೇಲೆ ಗಾಳಿ ತೆಗೆಯಬೇಕು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ ಸ್ಟಾರ್ಟ್ ಮಾಡಿ. ಸುಮಾರು 82ರಿಂದ 88 ಡಿಗ್ರಿಗೆ ಥರ್ಮೋಸ್ಟಾಟ್, ಅಂದರೆ ರೇಡಿಯೇಟರಿಗೆ ಕೂಲೆಂಟ್ ಬಿಡುವ ಕವಾಟ, ತೆರೆದುಕೊಳ್ಳುತ್ತದೆ. ಆಗ ಗುಳುಗುಳು ಎಂದು ಗಾಳಿಗುಳ್ಳೆ ಬಂದು ಮಟ್ಟ ಧುಡುಂ ಎಂದು ಇಳಿಯುತ್ತದೆ. ಮತ್ತೆ ತುಂಬಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ರಿಸರ್ವ್ ಡಬ್ಬದಲ್ಲಿ ‘ಲೋ’ ಮತ್ತು ‘ಫುಲ್’ ಗೆರೆಗಳ ನಡುವೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ, ಒಂದು ಲೋಟದಷ್ಟು ಕಡಿಮೆಯಾಗಿರುವುದು ಸಹಜ. ಹಳೆ ಕೂಲೆಂಟನ್ನು ನೆಲಕ್ಕೆ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಬಣ್ಣ ನೋಡಿ ಕೂಲೆಂಟ್ ಬೆರೆಸುವುದೂ ತಪ್ಪು. ಹಸಿರು, ಕೆಂಪು, ನೀಲಿ ಎಂಬುದು ಬರಿ ಬಣ್ಣ. ಒಳಗಿನ ರಸಾಯನ ಬೇರೆ ಬೇರೆ ಇರುತ್ತದೆ, ಒಂದಕ್ಕೊಂದು ಸೇರದಿದ್ದರೆ ಲೋಳೆಯಾಗಬಹುದು.

ರೇಡಿಯೇಟರಿನ ಮೇಲಿನ ಹೋಸನ್ನು ತಣ್ಣಗಿರುವಾಗ ಬೆರಳಿನಿಂದ ಅಮುಕಿ ನೋಡಿ. ಗಟ್ಟಿಮುಟ್ಟಾಗಿ, ಬಿಟ್ಟ ಕೂಡಲೆ ಮೊದಲಿನ ಆಕಾರಕ್ಕೆ ಬರಬೇಕು. ಹಳಸಿದ ಇಡ್ಲಿಯ ಹಾಗೆ ಮೆತ್ತಗಿದ್ದರೆ, ಅಥವಾ ಒತ್ತಿದಾಗ ಒಳಗೆ ಕರಕರ ಅಂದರೆ ಬದಲಿಸುವ ಕಾಲ. ಕ್ಲಿಪ್ ಹತ್ತಿರ ಬಿಳಿ ಅಥವಾ ಹಸಿರು ಪುಡಿ ಒಣಗಿ ಅಂಟಿದ್ದರೆ ಅಲ್ಲಿ ಸೋರಿಕೆ ಇದೆ, ಬಿಸಿಗೆ ಆವಿಯಾಗಿ ಹೋಗುವುದರಿಂದ ನೆಲದ ಮೇಲೆ ಹನಿ ಕಾಣಿಸುವುದಿಲ್ಲ ಅಷ್ಟೇ. ಈಚಿನ ರೇಡಿಯೇಟರುಗಳಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್. ಹತ್ತು ವರ್ಷ ಬೆಂದ ಪ್ಲಾಸ್ಟಿಕ್ ಜೋಡಣೆಯ ಅಂಚಿನಲ್ಲಿ ಕೂದಲೆಳೆಯ ಹಾಗೆ ಬಿರಿಯುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತುವುದು ಮನೆ ತಲುಪಲು ಸಾಕು, ಮಡಿಕೇರಿಗೆ ಹೋಗಲಿಕ್ಕಲ್ಲ.

ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬುದೇ ಅರ್ಧ ರೋಗನಿರ್ಣಯ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ಬಿಸಿ ತೋರಿಸುವ ಮುಳ್ಳು ಏರಿ, ಹೈವೇಗೆ ಬಂದರೆ ಇಳಿಯುತ್ತದೆಯೇ? ಫ್ಯಾನ್, ಅದರ ರಿಲೇ ಅಥವಾ ಸೆನ್ಸರ್ ನೋಡಿ, ಎ.ಸಿ. ಹಾಕಿದಾಗ ಫ್ಯಾನ್ ತಿರುಗದಿದ್ದರೆ ಅನುಮಾನ ಗಟ್ಟಿಯಾಯಿತು. ಊರೊಳಗೆ ಸರಿ ಇದ್ದು ಘಾಟಿ ಹತ್ತುವಾಗ ಮಾತ್ರ ಏರುತ್ತದೆಯೇ? ರೇಡಿಯೇಟರ್ ಕಟ್ಟಿಕೊಂಡಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ಪಂಪು ಸೋತಿದೆ. ಎಲ್ಲೂ ಸೋರದೆ ವಾರಕ್ಕೆ ಅರ್ಧ ಲೀಟರ್ ಮಾಯವಾಗುತ್ತಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕು ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲು) ಕಡೆ ಗಮನ ಕೊಡಿ. ಕೆಲವು ಮೆಕ್ಯಾನಿಕ್‌ಗಳು ಥರ್ಮೋಸ್ಟಾಟನ್ನು ಕಿತ್ತೆಸೆದು ‘ಇನ್ನು ಬಿಸಿಯಾಗಲ್ಲ’ ಎನ್ನುತ್ತಾರೆ. ಆಗ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೆಡುತ್ತದೆ. ಆ ಸಲಹೆಗೆ ಒಪ್ಪಬೇಡಿ.

ಇನ್ನೊಂದು ಅಪಾಯ: ಕೂಲೆಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಗಾಳಿಯಲ್ಲಿರುತ್ತದೆ. ಒಳಗೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಸುಮ್ಮನೆ ಕೆಳಗೇ ಕೂತಿರಬಹುದು. ಹಾಗಾಗಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ಡಬ್ಬ ನೋಡುವುದಕ್ಕೆ ಬದಲಿ ಇಲ್ಲ. ಮುಳ್ಳು ಏರಿದರೆ, ಕೆಂಪು ದೀಪ ಹತ್ತಿದರೆ ‘ಮುಂದಿನ ಬಂಕ್ ತನಕ’ ಎನ್ನದೆ ಅಲ್ಲೇ ನಿಲ್ಲಿಸಿ, ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ. ಅಲ್ಯೂಮಿನಿಯಂ ಹೆಡ್ 0.05 ಮಿ.ಮೀ. ಬಾಗಿದರೂ ಹಲವು ಎಂಜಿನ್‌ಗಳಲ್ಲಿ ಮಿತಿ ಮೀರಿದ ಹಾಗೆ. ಆಮೇಲೆ ಅದು ಲೇತ್ ಅಂಗಡಿಯ ಕೆಲಸ.

ಆಯಿಲ್: ನಾಲ್ಕು ಕಿಲೋಮೀಟರಿನ ಪ್ರಯಾಣದ ಸಮಸ್ಯೆ

ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿ ಆಯಿಲ್ ಸೇರುತ್ತದೆ, ಜೊತೆಗೆ ಉರಿಯದ ಪೆಟ್ರೋಲ್ ಕೂಡ. ಅರ್ಧ ಗಂಟೆ ಓಡಿಸಿದರೆ ಆಯಿಲ್ ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ನಾಲ್ಕು ನಾಲ್ಕು ಕಿ.ಮೀ. ಓಡುವ ಕಾರಿನಲ್ಲಿ ಆಯಿಲ್ ಕಾಯುವುದೇ ಇಲ್ಲ. ಒಳಗೇ ಉಳಿದ ನೀರು ಆಯಿಲನ್ನು ಕೆಸರು ಮಾಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುಗಿಸಿ ನೋಡಿದರೆ ಕಾಫಿಯ ನೊರೆಯ ಹಾಗೆ ತಿಳಿ ಕಂದು ಬಣ್ಣದ್ದು ಅಂಟಿರುತ್ತದೆ. ಇದು ಹೆಡ್ ಗ್ಯಾಸ್ಕೆಟ್ ಹೋದ ಗುರುತೂ ಆಗಬಹುದು. ವ್ಯತ್ಯಾಸ ತಿಳಿಯಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ನೋಡಿ: ಮುಚ್ಚಳದಲ್ಲಿ ನೊರೆ ಇದ್ದು ಕಡ್ಡಿಯಲ್ಲಿ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಮಟ್ಟವೂ ಇಳಿಯದಿದ್ದರೆ ಬರಿ ಸಣ್ಣ ಓಡಾಟದ ತೇವ, ಒಂದು ಭಾನುವಾರ ಮೈಸೂರು ಕಡೆಗೋ ಚಿಕ್ಕಬಳ್ಳಾಪುರದ ಕಡೆಗೋ ಒಂದು ಗಂಟೆ ಓಡಿಸಿದರೆ ಹೋಗುತ್ತದೆ. ಕಡ್ಡಿಯ ಮೇಲೂ ನೊರೆ ಇದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಇಂಥ ಓಡಾಟದ ಕಾರಿಗೆ ಪುಸ್ತಕದ ‘10 ಸಾವಿರ ಕಿ.ಮೀ. ಅಥವಾ 1 ವರ್ಷ’ ಸಾಲದು. 5 ಸಾವಿರ ಕಿ.ಮೀ. ಅಥವಾ 6 ತಿಂಗಳು ಇಟ್ಟುಕೊಳ್ಳಿ. ಸಣ್ಣ ಎಂಜಿನ್‌ಗೆ ಸುಮಾರು 3 ಲೀಟರ್ ಆಯಿಲ್, ಒಂದು ಫಿಲ್ಟರ್, ಡ್ರೇನ್ ಬೋಲ್ಟಿಗೆ ಒಂದು ಹೊಸ ವಾಷರ್. ಈ ವಾಷರ್ ಮೆತ್ತನೆಯ ಲೋಹದ್ದು, ಒಮ್ಮೆ ಅಮುಕಿದರೆ ಮತ್ತೆ ಅದೇ ಥರ ಕೂರುವುದಿಲ್ಲ. ಹಳೆಯದನ್ನೇ ಹಾಕಿ, ಸೋರುತ್ತದೆ ಎಂದು ಬೋಲ್ಟನ್ನು ಇನ್ನೂ ಬಿಗಿದು, ಕೊನೆಗೆ ಅಲ್ಯೂಮಿನಿಯಂ ಸಂಪಿನ (ಕೆಳಗಿನ ಆಯಿಲ್ ತೊಟ್ಟಿಯ) ಥ್ರೆಡ್ ಹೋಗುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುವ ನಾಟಕ. ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ, ಅದು ಬ್ಲಾಕಿಗೆ ತಾಕಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಹಳೆ ಫಿಲ್ಟರಿನ ರಬ್ಬರ್ ಉಂಗುರ ಬ್ಲಾಕಿಗೇ ಅಂಟಿಕೊಂಡು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎರಡು ಉಂಗುರ ಸೇರಿದರೆ ಮೊದಲ ಕಿಲೋಮೀಟರಿನಲ್ಲೇ ಆಯಿಲೆಲ್ಲ ರಸ್ತೆ ಪಾಲು.

ಯಾವ ಆಯಿಲ್? ಪುಸ್ತಕದಲ್ಲಿ 5ಡಬ್ಲ್ಯೂ-30 (ಆಯಿಲಿನ ದಪ್ಪದ ಗುರುತು) ಎಂದಿದ್ದರೆ ಅದೇ. ‘ಗಾಡಿ ಹಳೆಯದಾಯ್ತು, ದಪ್ಪ ಆಯಿಲ್ ಹಾಕಿ’ ಎಂದು 20ಡಬ್ಲ್ಯೂ-50 ಸುರಿಯುವುದಕ್ಕೆ ಒಂದು ತರ್ಕ ಇದೆ, ಸವೆದ ರಿಂಗಿನ ಸಂದನ್ನು ಅದು ಸ್ವಲ್ಪ ಮುಚ್ಚುತ್ತದೆ. ಆದರೆ ಬೆಳಗಿನ ತಣ್ಣನೆ ಸ್ಟಾರ್ಟಿನಲ್ಲಿ ದಪ್ಪ ಆಯಿಲ್ ವಾಲ್ವು ತೆರೆಯುವ ಮೇಲಿನ ಕ್ಯಾಮ್ ತಲುಪಲು ತಡವಾಗುತ್ತದೆ. 1,000 ಕಿ.ಮೀ.ಗೆ ಅರ್ಧ ಲೀಟರಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿದ್ದರೆ ಮಾತ್ರ ಒಂದು ಹೆಜ್ಜೆ ದಪ್ಪ, ಅಂದರೆ 5ಡಬ್ಲ್ಯೂ-40ಕ್ಕೋ 10ಡಬ್ಲ್ಯೂ-40ಕ್ಕೋ ಹೋಗುವುದು ಯೋಗ್ಯ. ಹಳೆ ಎಂಜಿನ್ ಸ್ವಲ್ಪ ಆಯಿಲ್ ತಿನ್ನುತ್ತದೆ. ಅದನ್ನು ತಡೆಯುವ ಪವಾಡದ ಬಾಟಲಿ ಹುಡುಕುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಕಡ್ಡಿ ನೋಡಿ ಇಳಿದಷ್ಟು ತುಂಬುವುದು ಲೇಸು.

ಬೆಲ್ಟು, ಹೋಸು, ಹೊಸ ಪೆಟ್ರೋಲು

ಪಿಸ್ಟನ್ನಿನ ಓಟಕ್ಕೆ ಹೊಂದುವಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನೋ, ಅದೇ ಕೆಲಸಕ್ಕೆ ಚೈನ್ ಇರುವುದೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮಾರುತಿ 800, ಆಲ್ಟೊ 800, ಹಳೆ ಸ್ಯಾಂಟ್ರೊ ಜಿಂಗ್ ಇವುಗಳಲ್ಲಿ ರಬ್ಬರ್ ಬೆಲ್ಟ್. ಆಲ್ಟೊ ಕೆ10, ಕೆ ಸರಣಿ ಎಂಜಿನ್ನಿನ ವ್ಯಾಗನ್ ಆರ್, ಕೆ ಸರಣಿ ಎಂಜಿನ್ನಿನದೇ ಸ್ವಿಫ್ಟ್ ಪೆಟ್ರೋಲ್‌ಗಳಲ್ಲಿ ಚೈನ್. ಚೈನ್ ಸವೆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ. ಬೆಲ್ಟ್ ಯಾವ ಸೂಚನೆಯನ್ನೂ ಕೊಡದೆ ಹರಿಯುತ್ತದೆ. ಹರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಆಗಿರದಿದ್ದರೂ ಐದಾರು ವರ್ಷಕ್ಕೆ ಬೆಲ್ಟ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ಬದಲಿಸುವುದು ಕ್ಷೇಮ. ಸೆಕೆಂಡ್ ಹ್ಯಾಂಡ್ ಕೊಂಡ ಕಾರಿನಲ್ಲಿ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಎಂಜಿನ್ ಆದರೆ ಅದನ್ನೂ ಜೊತೆಗೇ ಹಾಕಿಸಿ, ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟ್ ಕಣ್ಣಿಗೆ ಕಾಣುತ್ತದೆ. ಬೆಳಿಗ್ಗೆ ಕಿರ್ ಎಂದು ಕೂಗುತ್ತಿದ್ದರೆ ಸಡಿಲ ಅಥವಾ ಗಾಜಿನ ಹಾಗೆ ನಯವಾಗಿದೆ. ಒಳಮೈಯಲ್ಲಿ ಅಡ್ಡಡ್ಡ ಬಿರುಕು ಸಾಲುಗಟ್ಟಿದ್ದರೆ ಬದಲಿಸಿ.

ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್. 2023ರ ಏಪ್ರಿಲ್‌ಗೆ ಮುಂಚೆ ತಯಾರಾದ ಬಹುಪಾಲು ಕಾರುಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಇಷ್ಟು ಎಥೆನಾಲ್ ಲೆಕ್ಕ ಹಾಕಿ ಆರಿಸಿರಲಿಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಖಚಿತ. ಅದಕ್ಕೆ ಮದ್ದಿಲ್ಲ. ಮದ್ದಿರುವುದು ಸೋರಿಕೆಗೆ. ಎಂಜಿನ್ ಕೋಣೆಯ ಪೆಟ್ರೋಲ್ ಹೋಸುಗಳು ಊದಿವೆಯೇ, ಬಾಗಿಸಿದಾಗ ಮೇಲ್ಮೈ ಬಿರಿಯುತ್ತದೆಯೇ, ಬೆಳಿಗ್ಗೆ ಬಾನೆಟ್ ಎತ್ತಿದ ಕೂಡಲೆ ಪೆಟ್ರೋಲ್ ವಾಸನೆ ಬರುತ್ತದೆಯೇ ನೋಡಿ. ಬದಲಿಸುವಾಗ ಮೀಟರ್ ಲೆಕ್ಕದಲ್ಲಿ ಮಾರುವ ಯಾವುದೋ ಹೋಸು ಬೇಡ. ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾದ, ಫ್ಯುಯೆಲ್ ಇಂಜೆಕ್ಷನ್ ಒತ್ತಡ ತಡೆಯುವ ಹೋಸೇ ಬೇಕು. ಪೆಟ್ರೋಲ್ ಸೋರಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ಅರ್ಧ ಖಾಲಿ ಬಿಡದೆ ತುಂಬಿಸಿ ನಿಲ್ಲಿಸುವುದು ವಾಸಿ, ಒಳಗೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ನಿಲ್ಲಿಸುವ ಭಾಗ

ಬ್ರೇಕ್ ಫ್ಲುಯಿಡ್ ಕೂಡ ತೇವ ಹೀರುವ ಜಾತಿಯದು. ಹೊಸ ಡಾಟ್ 4 ಫ್ಲುಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ, ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತುಂಬಿದ ಗಾಡಿಯನ್ನು ಮೂರನೇ ಗೇರಿನಲ್ಲಿ, ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಫ್ಲುಯಿಡ್ ಕುದಿದರೆ ಆವಿಗುಳ್ಳೆ ಹುಟ್ಟುತ್ತದೆ, ದ್ರವ ಅಮುಕುವುದಿಲ್ಲ, ಆವಿ ಅಮುಕುತ್ತದೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಕೆಳಗೆ ಬಂದು ಗಾಡಿ ತಣ್ಣಗಾದ ಮೇಲೆ ಮೆಕ್ಯಾನಿಕ್‌ಗೆ ತೋರಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ! ಎರಡು ವರ್ಷಕ್ಕೊಮ್ಮೆ ಫ್ಲುಯಿಡ್ ಪೂರ್ತಿ ಬದಲಿಸಿ. ಮೇಲಿನ ಡಬ್ಬಿಯಲ್ಲಿದ್ದುದನ್ನು ಹೀರಿ ಹೊಸದು ಹಾಕಿದರೆ ಬದಲಿಸಿದಂತಲ್ಲ. ನಾಲ್ಕೂ ಚಕ್ರಗಳ ಬ್ಲೀಡರಿನಿಂದ (ಫ್ಲುಯಿಡ್ ಹೊರಬಿಡುವ ಸ್ಕ್ರೂವಿನಿಂದ) ತಿಳಿ ಬಣ್ಣದ್ದು ಬರುವವರೆಗೆ ತೆಗೆಯಬೇಕು. ಸಣ್ಣ ಕಾರಿಗೆ ಅರ್ಧದಿಂದ ಒಂದು ಲೀಟರ್ ಸಾಕು. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬಳಸಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೆ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಪ್ಯಾಡ್ 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ಎಲ್ಲರಿಗೂ ಗೊತ್ತು. ಹಳೆ ಕಾರಿನಲ್ಲಿ ಕೈಕೊಡುವುದು ಕ್ಯಾಲಿಪರಿನ ಸ್ಲೈಡ್ ಪಿನ್. ಅದರ ರಬ್ಬರ್ ಟೋಪಿ ಹರಿದು ನೀರು ಹೊಕ್ಕು ಪಿನ್ ತುಕ್ಕು ಹಿಡಿದರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ, ಹೊರಗಿನದು ಹೊಸದರ ಹಾಗೆಯೇ ಇರುತ್ತದೆ. ಬ್ರೇಕ್ ಕಡಿಮೆ ಬಳಸಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿಯಿರಿ. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಾಕಬೇಕು, ಚಕ್ರದ ಬೇರಿಂಗಿನ ಗ್ರೀಸ್ ರಬ್ಬರನ್ನು ಊದಿಸುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಹಾಕಿ ಬಿಟ್ಟರೆ ಹಿಂದಿನ ಶೂ ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಟಯರಿನ ಪಕ್ಕದ ಗೋಡೆಯಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3518 ಎಂದರೆ 2018ರ 35ನೇ ವಾರದಲ್ಲಿ ತಯಾರಾದದ್ದು. ಅಂಕಿ ಒಂದೇ ಪಕ್ಕದಲ್ಲಿ ಇರುವುದರಿಂದ ಕೆಲವೊಮ್ಮೆ ಗಾಡಿಯ ಅಡಿ ತಲೆ ಹಾಕಿ ನೋಡಬೇಕಾಗುತ್ತದೆ. ಬಟನ್ ಚೆನ್ನಾಗಿದೆ ಎಂದು ಎಂಟು ವರ್ಷದ ಟಯರಿನಲ್ಲಿ ಹೈವೇಗೆ ಹೋಗುವುದು ಬೇಡ. ಆರು ವರ್ಷ ದಾಟಿದ ಮೇಲೆ ಬಟನ್ ಸಂದಿಯ ಸಣ್ಣ ಬಿರುಕುಗಳೇ ಮಾತಾಡುತ್ತವೆ. ಸ್ಟೆಪ್ನಿಯ ವಯಸ್ಸೂ ನೋಡಿ. ಬಳಸದ ಸ್ಟೆಪ್ನಿ ಹೊಸದು ಎಂಬ ಭ್ರಮೆ ಎಲ್ಲರಿಗೂ ಇರುತ್ತದೆ.

ಮುಂದಿನ ಚಕ್ರದ ಹಿಂದೆ, ಆಕ್ಸಲ್ ತುದಿಯಲ್ಲಿ ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟು ನೋಡಿ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ. ಈಗಲೇ ಆದರೆ ಬೂಟು, ಗ್ರೀಸು, ಕ್ಲಿಪ್ಪುಗಳ ಖರ್ಚು. ಮಣ್ಣು ಒಳಗೆ ಹೋಗಿ ಫುಲ್ ಲಾಕ್ ತಿರುವಿನಲ್ಲಿ ಟಕಟಕ ಶುರುವಾದ ಮೇಲೆ ಬೂಟಿನೊಳಗಿನ ಜಾಯಿಂಟೇ ಬದಲಿಸಬೇಕು.

ವಿದ್ಯುತ್ತು, ಇಲಿ, ತುಕ್ಕು

ಸಾಮಾನ್ಯ ಮಲ್ಟಿಮೀಟರ್ ಒಂದಿದ್ದರೆ ಅರ್ಧ ವಿದ್ಯುತ್ ಸಮಸ್ಯೆ ಮನೆಯಲ್ಲೇ ತಿಳಿಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2ಕ್ಕಿಂತ ಕಡಿಮೆ ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4. ಅದಕ್ಕಿಂತ ಕಡಿಮೆ ಇದ್ದರೆ ತೊಂದರೆ ಆಲ್ಟರ್ನೇಟರಿನಲ್ಲಿ, ಹೊಸ ಬ್ಯಾಟರಿ ಹಾಕಿದರೆ ಅದೂ ಕೆಡುತ್ತದೆ. ಇನ್ನೊಂದು ಪರೀಕ್ಷೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು, ಬೇರೆಯವರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವಯರಿನ ತುದಿಯಲ್ಲಿ ತುಕ್ಕು ಇದೆ. ಸೆಲ್ಫ್ ಮಂಕಾಗಿ ತಿರುಗುವುದು, ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಕುಣಿಯುವುದು, ಇಂಥ ವಿಚಿತ್ರಗಳಿಗೆಲ್ಲ ಹಳೆ ಕಾರಿನಲ್ಲಿ ಬಹಳ ಸಲ ಕಾರಣ ಈ ಒಂದು ವಯರು. ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಬಿಗಿಯಾಗಿ ಕೂರಿಸಿದರೆ ಮುಗಿಯಿತು. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ದಿನಾ ಬೆಳಿಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರು ಬ್ಯಾಟರಿಗೆ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ವಾರಕ್ಕೊಂದು ಸಲ ಅರ್ಧ ಗಂಟೆ ಓಡಿಸಿ.

ಇಲಿಗಳಿಗೆ ನಿಂತ ಎಂಜಿನ್ನಿನ ಬೆಚ್ಚನೆ ಇಷ್ಟ. ಏರ್ ಫಿಲ್ಟರ್ ಡಬ್ಬ ತೆರೆದರೆ ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ ಸಿಕ್ಕಿದರೆ ಅವು ಸಂಸಾರ ಹೂಡಿವೆ ಎಂದರ್ಥ. ನುಸಿಗುಳಿಗೆ ಕಟ್ಟುವುದು, ಹೊಗೆಸೊಪ್ಪು ಇಡುವುದು ಕೆಲವು ದಿನ ನಡೆಯುತ್ತದೆ. ಗಾಡಿ ಆಗಾಗ ಕದಲುವುದು, ರಾತ್ರಿ ಬಾನೆಟ್ ಎತ್ತಿಡುವುದು ಅದಕ್ಕಿಂತ ಪರಿಣಾಮಕಾರಿ.

2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಒಬಿಡಿ-2 ಸಾಕೆಟ್, ಅಂದರೆ ಗಾಡಿಯ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಜಾಗ, ಇರುತ್ತದೆ. ಎಂಜಿನ್ ದೀಪ ಹತ್ತಿದರೆ ಅಗ್ಗದ ಬ್ಲೂಟೂತ್ ರೀಡರ್ ಸಿಕ್ಕಿಸಿ ಕೋಡ್ ಓದಿ. ಕೋಡ್ ರೋಗದ ಲಕ್ಷಣ ಹೇಳುತ್ತದೆ, ಕೆಟ್ಟ ಭಾಗ ಇದೇ ಎಂದು ತೋರಿಸುವುದಿಲ್ಲ. ‘ಮಿಶ್ರಣ ತೆಳು’ ಎಂದ ಕೂಡಲೆ ಆಕ್ಸಿಜನ್ ಸೆನ್ಸರ್ ಕೊಳ್ಳಬೇಡಿ. ಬಿರಿದ ವ್ಯಾಕ್ಯೂಮ್ ಹೋಸೂ ಅದೇ ಕೋಡ್ ತರಿಸುತ್ತದೆ.

15 ವರ್ಷಕ್ಕೆ ಖಾಸಗಿ ಕಾರಿನ ನೋಂದಣಿ ಮುಗಿಯುತ್ತದೆ. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಆರ್‌ಟಿಒ ತಪಾಸಣೆ ದಾಟಿದರೆ ಐದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5 ಸಾವಿರ ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನ ಅಧಿಸೂಚನೆ ಅದನ್ನು 10 ಸಾವಿರಕ್ಕೆ ಏರಿಸಿತು. ಹಸಿರು ತೆರಿಗೆ ಬೇರೆ. ದರಗಳು ಬದಲಾಗುತ್ತಿರುವುದರಿಂದ ಹೋಗುವ ಮುಂಚೆ ಪರಿವಾಹನ್ ಜಾಲತಾಣ ನೋಡಿಕೊಳ್ಳಿ. ಅಷ್ಟು ಕಟ್ಟುವ ಮೊದಲು ಗಾಡಿ ಅದಕ್ಕೆ ಯೋಗ್ಯವೇ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಉತ್ತರ ಎಂಜಿನ್ನಿನಲ್ಲಿ ಇಲ್ಲ, ಬಾಡಿಯಲ್ಲಿದೆ.

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದ್ದ ಕಾರಾದರೆ ಇನ್ನೂ ಜಾಗ್ರತೆ. ಬಾಗಿಲಿನ ಕೆಳ ಅಂಚಿನ ನೀರಿಳಿಯುವ ತೂತುಗಳು ಮಣ್ಣಿನಿಂದ ಮುಚ್ಚಿದ್ದರೆ ತಂತಿಯಿಂದ ಬಿಡಿಸಿ. ವೈಪರಿನ ಕೆಳಗಿನ ತೊಟ್ಟಿಯಲ್ಲಿ ಕೊಳೆತ ಎಲೆ ಬಾಚಿ ತೆಗೆಯಿರಿ. ತುಕ್ಕಿನ ಮೇಲೆಯೇ ಟಾರಿನಂಥ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದರೆ ತೇವ ಒಳಗೇ ಸಿಕ್ಕಿಕೊಂಡು, ಹೊರಗೆ ಅಂದ, ಒಳಗೆ ಪುಡಿಪುಡಿ. ಮೊದಲು ಕೆರೆದು, ಜಿಂಕ್ ಪ್ರೈಮರ್ ಹೊಡೆದು, ಆಮೇಲೆ ಕೋಟಿಂಗ್.

ಕೊನೆಗೆ ಒಂದು ಮೊಂಡು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿ ಹೋಗಿ. ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಆಕ್ಸಲ್ ಬೋಲ್ಟ್ ಕೂರುವ ಜಾಗ. ಆಮೇಲೆ ಬಾನೆಟ್ ಎತ್ತಿ ಮುಂದಿನ ಶಾಕ್‌ಅಬ್ಸಾರ್ಬರಿನ ತಲೆ ಕೂರುವ ಬಟ್ಟಲು. ಅಲ್ಲೆಲ್ಲ ಹಿಡಿಯಿಂದ ತಟ್ಟಿ, ತುದಿಯಿಂದ ಒತ್ತಿ. ಟಣ್ ಎಂದರೆ ಗಟ್ಟಿ ತಗಡು, ನವೀಕರಣ ಮಾಡಿಸಿ, ಹೋಸು, ಬೆಲ್ಟುಗಳಿಗೆ ಧಾರಾಳವಾಗಿ ಖರ್ಚು ಮಾಡಿ. ಡಬ್ ಎಂದು ಸದ್ದು ಮಂಕಾಗಿ ತುದಿ ಒಳಗೆ ಹೊಕ್ಕರೆ, ಎಂಜಿನ್ ಎಷ್ಟೇ ನಯವಾಗಿ ಓಡುತ್ತಿರಲಿ, ಆ ಕಾರಿಗೆ ಹೊಸ ಟಯರ್ ಕೊಳ್ಳಬೇಡಿ.